ನೂರ ಹನ್ನೆರಡು ಕಿಲೋ

ಜುಲೈ. ರೊಸಾರಿಯೋದಲ್ಲಿ ಚಳಿ.
ಪರಾನಾ ನದಿಯ ದಂಡೆಗೆ ಸೋಯಾ ಹೊತ್ತ ಲಾರಿಗಳು
ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿ ನಿಂತಿವೆ.
ತೂಕದ ಕಟ್ಟೆಯ ಪಕ್ಕದ ಕೋಣೆಯಲ್ಲಿ
ಎಲ್ವೀರಾ ಸ್ಕಾರ್ಪಾ
ಯೆರ್ಬಾ ಸೊಪ್ಪಿನ ಕಹಿಯನ್ನು ಕೊಳವೆಯಲ್ಲಿ ಹೀರುತ್ತ
ಚಾಲಕರ ದೂರು ಓದುತ್ತಾಳೆ:
ರಾತ್ರಿ ತುಂಬಿದ್ದು ತೂಗಿ
ಬೆಳಿಗ್ಗೆ ಬರಿದಾದದ್ದು ತೂಗಿದವರಿಗೆಲ್ಲ
ನೂರ ಹನ್ನೆರಡು ಕಿಲೋ ಖೋತಾ.
ಒಂದು ಕಿಲೋ ಹೆಚ್ಚಿಲ್ಲ, ಒಂದು ಕಿಲೋ ಕಡಿಮೆಯಿಲ್ಲ.

ಕಳ್ಳರಿಗೆ ಇಷ್ಟು ಶಿಸ್ತು ಇರುವುದಿಲ್ಲ, ಅಂದುಕೊಂಡಳು.

ಅವಳು ಬರೆಯುವ ಭಾಷೆಯಲ್ಲಿ ಎಲ್ಲವೂ ಕರೆ.
ತಕ್ಕಡಿಯನ್ನು ಯಾರೋ ಕರೆಯಬೇಕು, ತೂಗು ಅನ್ನಬೇಕು,
ಅದು ಓಗೊಡಬೇಕು.
ತಿಳಿಯದ ಮಾತಲ್ಲಿ ಕರೆದರೆ
ಆ ಕರೆ ‘ಅರ್ಥವಾಗಲಿಲ್ಲ’ ಎಂಬ ಬಾಗಿಲಿಗೆ ಹೋಗುತ್ತದೆ.
ಬಾಗಿಲಾಚೆ ಮಾಮೂಲಿಗೆ ಒಂದು ಗುಂಡಿ.
ಬೇಕಾದರೆ ಗುಂಡಿ ಮುಚ್ಚಿ
ಕುರ್ಚಿ ಹಾಕಿ ಯಾರನ್ನಾದರೂ ಕೂರಿಸಬಹುದು.

ಕೂರಿಸಿದಳು.
ತಕ್ಕಡಿಯದೇ ವೇಷ, ಒಳಗೆ ಟೊಳ್ಳು.
ಬಂದದ್ದನ್ನು ಕೇಳಿಸಿಕೊ, ಬರೆದುಕೊ,
ಒಳಗಿರುವ ನಿಜದ ತಕ್ಕಡಿಗೆ ದಾಟಿಸು,
ಉತ್ತರವನ್ನು ನಿನ್ನದೇ ಎಂಬಂತೆ ಹಿಂತಿರುಗಿಸು.
ಇಷ್ಟೇ ಕೆಲಸ.

ಮೊದಲ ರಾತ್ರಿ ಕೆಟ್ಟಿತು.
ನೀನು ಯಾರು ಎಂದು ಕೇಳಿದ ಕರೆಗೆ
ಅವನು ತಾನೇ ಬಾಯಿಬಿಟ್ಟ: ನಾನು ನಡುವಿನವನು.
ಅಪ್ಪ ಅಜ್ಜಂದಿರಿಂದ ಬಂದ ನಾಲ್ಕು ಮಾತು
ಅವನ ನಾಲಿಗೆಯಲ್ಲಿ ಉಳಿದಿದ್ದವು.
ತಿಳಿದ ಮಾತು ‘ಅರ್ಥವಾಗಲಿಲ್ಲ’ದ ಬಾಗಿಲಿಗೆ ಬರುವುದೇ ಇಲ್ಲ,
ಬಾರದ್ದನ್ನು ಹಿಡಿಯುವುದು ಹೇಗೆ?

ಎಲ್ವೀರಾ ಅವನ ವಂಶ ಕಡಿದಳು.
ಅಪ್ಪ ಇದ್ದ ಜಾಗದಲ್ಲಿ ‘ಇಲ್ಲ’ ಎಂದು ಬರೆದಳು.
ಈಗ ಅವನಿಗೆ ತನ್ನ ಹೆಸರೂ ತಿಳಿಯದು,
ಹಾಗಾಗಿ ಎಲ್ಲವೂ ಅವನ ಕಿವಿಗೇ.

ರಾತ್ರಿ ಹತ್ತು ಐದು. ಕಟ್ಟೆಗೆ ಲಾರಿ ಏರಿತು.
ಪೆಸಾ, ಅಂದರು ಯಾರೋ. ತೂಗು.
ದಾಟಿಸಿದ.
ಮರುಕ್ಷಣ ಇನ್ನೊಂದು ಕರೆ: ರೆಸ್ತಾ. ಕಳೆ.
ನೂರ ಹನ್ನೆರಡು.
ಅದನ್ನೂ ದಾಟಿಸಿದ, ತೀರ್ಪು ಅವನ ಕೆಲಸವಲ್ಲ,
ಕರೆದವರು ಯಾರೆಂದು ಮಾತ್ರ ಗೀಚಿಟ್ಟ.

ಬೆಳಿಗ್ಗೆ ನೋಡುತ್ತಾಳೆ:
ಇಪ್ಪತ್ತೊಂದು ವರ್ಷದ ಹಿಂದಿನ ನಾಲ್ಕು ಸಾಲು.
ಕೆಳಗೆ ಅವಳದೇ ಸಹಿ, ಮದುವೆಗೆ ಮುಂಚಿನದು.

ನೆನಪಾಯಿತು.
ಧಾನ್ಯ ಒಣಗಿಸುವ ಯಂತ್ರದ ಬಿಸಿಗಾಳಿ
ಕಟ್ಟೆಯ ತೆಂಕಣ ಮೂಲೆಗೆ ಬಡಿಯುತ್ತಿತ್ತು.
ರಾತ್ರಿ ಕಾವಲಿನ ನಿಕಾನೋರ್
ಅಲ್ಲೇ ಸ್ಟೂಲು ಹಾಕಿ ಕೂರುತ್ತಿದ್ದ,
ಕಾಲ ಮೇಲೆ ನಾಯಿ ಟೂಕೋ.
ಏಳಯ್ಯಾ ಎಂದರೆ ಏಳುವ ಪೈಕಿಯಲ್ಲ.
ಎಷ್ಟು ಲಾರಿ ಬಂದರೂ ಅವರಿಬ್ಬರ ಭಾರ ಸೇರಿಯೇ ತೂಕ.
ಮೇಲಿನವರಿಗೆ ಹೇಳಿದರೆ ಅವನ ಕೆಲಸ ಹೋಗುತ್ತದೆಂದು
ಒಂದು ರಾತ್ರಿ ಇಬ್ಬರನ್ನೂ ತೂಗಿ
ಯಾರಿಗೂ ಹೇಳದೆ ಕಳೆದುಬಿಟ್ಟಿದ್ದಳು.

ಹೋದ ತಿಂಗಳು ನಿಕಾನೋರ್ ನಿವೃತ್ತನಾದ. ಕೇಕು ಕತ್ತರಿಸಿದ್ದರು.
ನಾಯಿ ಎಂದೋ ಸತ್ತಿತ್ತು, ಅಷ್ಟೇ ದಪ್ಪದ ಇನ್ನೊಂದು ಬಂದಿತ್ತು,
ಅದರ ಹೆಸರೂ ಟೂಕೋ.
ಜೂನ್ ಒಂದರಿಂದ ಆ ಮೂಲೆಯಲ್ಲಿ ಬರೀ ಬಿಸಿಗಾಳಿ,
ಯಂತ್ರ ಮಾತ್ರ ರಾತ್ರಿಯಿಡೀ
ಇಲ್ಲದವನನ್ನು ಇಳಿಸುತ್ತಲೇ ಇದೆ.

ನಾಲ್ಕು ಸಾಲು ಅಳಿಸಿದಳು.
ಚಾಲಕರ ಬಾಕಿಯ ಲೆಕ್ಕ ತೆಗೆದಳು.
ನಡುವಿನವನನ್ನು ಎಬ್ಬಿಸುವ ಮನಸ್ಸಾಗಲಿಲ್ಲ,
ಶುಕ್ರವಾರದವರೆಗೆ ಕೂತಿರಲಿ.

ಆಮೇಲೆ ಫೋನು ಎತ್ತಿ ನಿಕಾನೋರ್‌ಗೆ ಹಚ್ಚಿದಳು.
ಹೆಂಗಸಿನ ದನಿ, ಮಗಳಿರಬೇಕು:
ಅಪ್ಪ ಮಲಗಿದ್ದಾರೆ.
ಏನಿದ್ದರೂ ನನಗೇ ಹೇಳಿ, ತಿಳಿಸುತ್ತೇನೆ.

ಎಲ್ಲಿಂದ ಶುರು ಮಾಡುವುದು?
ಕೊಳವೆಯಲ್ಲಿ ತಳದ ನೀರು ಗೊರ್ ಅಂದಿತು.
ಏನಿಲ್ಲ, ಅಂದಳು ಎಲ್ವೀರಾ,
ನೂರ ಹನ್ನೆರಡರಲ್ಲಿ
ನಾಯಿಯದು ಎಷ್ಟಿತ್ತು ಅಂತ
ಎದ್ದ ಮೇಲೆ ಸ್ವಲ್ಪ ಕೇಳಿ.